ಸಿನಿಮಾ ದೃಶ್ಯದ ಹಿನ್ನೆಲೆ ಸಂಗೀತವನ್ನು ವಿಶ್ಲೇಷಿಸುವುದು ಹೇಗೆ: ಮೊದಲ ವೀಕ್ಷಣೆಯಿಂದ ಕೊನೆಯ ವಾಕ್ಯದವರೆಗೆ

"ಈ ದೃಶ್ಯದಲ್ಲಿ ಬರುವ ಸಂಗೀತವು ದುಃಖದ ಭಾವವನ್ನು ಹೆಚ್ಚಿಸುತ್ತದೆ." ಹಿನ್ನೆಲೆ ಸಂಗೀತದ ಬಗ್ಗೆ ಬರೆದು ನನಗೆ ಓದಲು ಕೊಟ್ಟವರ ಬರಹಗಳಲ್ಲಿ ಈ ವಾಕ್ಯ ಎಷ್ಟು ಬಾರಿ ಎದುರಾಗಿದೆಯೋ ಲೆಕ್ಕವಿಲ್ಲ. ವಾಕ್ಯ ಸುಳ್ಳಲ್ಲ. ಆದರೆ ಸಂಗೀತವನ್ನು ಕೇಳದೆ, ದೃಶ್ಯವನ್ನಷ್ಟೇ ನೋಡಿದವರೂ ಇದನ್ನು ಬರೆಯಬಹುದು. ಬರೆದವರ ಕಿವಿ ಮಂದವೆಂದು ಹೀಗಾಗುವುದಿಲ್ಲ, ಕೆಲಸದ ಕ್ರಮ ತಲೆಕೆಳಗಾಗಿರುವುದರಿಂದ ಆಗುತ್ತದೆ. ಭಾವಕ್ಕೆ ಮೊದಲೇ ಹೆಸರಿಟ್ಟುಬಿಟ್ಟರೆ, ಆಮೇಲೆ ಕೇಳಿಸಿದ್ದೆಲ್ಲ ಆ ಹೆಸರಿಗೇ ಸಾಕ್ಷಿ ನುಡಿಯುತ್ತದೆ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಭಾವದ ಮಾತು ಎಂಟನೇ ಹಂತದವರೆಗೆ ಬರುವುದಿಲ್ಲ. ಅಲ್ಲಿಯವರೆಗೆ ಸಮಯ, ವಾದ್ಯ, ಲಯ, ಮಾತು, ಮೌನ ಇಷ್ಟೇ. ಎರಡು ಮೂರು ನಿಮಿಷದ ಒಂದು ದೃಶ್ಯಕ್ಕೆ ಮೊದಲ ಸಲ ಒಂದು ಸಂಜೆ ಪೂರ್ತಿ ಬೇಕಾಗಬಹುದು. ಅವಸರ ಮಾಡಬೇಡಿ.

## ಬೇಕಾದ ಸಲಕರಣೆಗಳು

ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇರಲಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಡಬಲ್ ಬಾಸ್ (ದೊಡ್ಡ ಗಾತ್ರದ ತಗ್ಗಿನ ದನಿಯ ತಂತಿವಾದ್ಯ), ಟಿಂಪನಿ (ದೊಡ್ಡ ನಗಾರಿ)ಗಳ ಕೆಳಸ್ವರಗಳು ಹೆಚ್ಚುಕಡಿಮೆ ಕಾಣೆಯಾಗುತ್ತವೆ. ಆತಂಕವನ್ನು ಸದ್ದಿಲ್ಲದೆ ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ಅಲ್ಲೇ.

ಒಂದೊಂದೇ ಫ್ರೇಮ್ ಮುಂದೆ ಸರಿಸಬಲ್ಲ ವಿಡಿಯೊ ಪ್ಲೇಯರ್ ಬೇಕು. ವಿಎಲ್‌ಸಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕೀಲಿಮಣೆಯ 'ಇ' ಕೀಲಿ ಒತ್ತಿದರೆ ಚಿತ್ರ ಒಂದು ಫ್ರೇಮ್‌ನಷ್ಟೇ ಮುಂದಕ್ಕೆ ಹೋಗುತ್ತದೆ. ಬೆರಳಿನಿಂದ ತಾಳ ತಟ್ಟಿದರೆ ವೇಗವನ್ನು ಅಂಕಿಯಲ್ಲಿ ತೋರಿಸುವ ಮೆಟ್ರೊನೋಮ್ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಳ್ಳಿ. ಪಾಶ್ಚಾತ್ಯ ಸ್ವರಲಿಪಿ ಓದಲು ಬರಲೇಬೇಕೆಂದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಐದು ಅಂಕಣಗಳ ಒಂದು ಹಾಳೆ: ಸಮಯ, ಚಿತ್ರ, ಮಾತು, ಸದ್ದು, ಸಂಗೀತ. ಮಾತು ಮತ್ತು ಸದ್ದಿಗೆ ಬೇರೆ ಬೇರೆ ಅಂಕಣ ಏಕೆ ಎಂದು ಏಳನೇ ಹಂತದಲ್ಲಿ ತಿಳಿಯುತ್ತದೆ.

ಎರಡು ಎಚ್ಚರಿಕೆಗಳು. ಮೊದಲಿನಿಂದ ಕೊನೆಯವರೆಗೆ ಸಿನಿಮಾದ ಒಂದೇ ಪ್ರತಿಯನ್ನು ಬಳಸಿ. ಹಳೆಯ ಪ್ಯಾಲ್ (ಟಿವಿ ಪ್ರಸಾರದ ಒಂದು ಪದ್ಧತಿ) ಮಾದರಿಯ ಡಿವಿಡಿಗಳಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳ ಸಿನಿಮಾವನ್ನು 25 ಫ್ರೇಮ್‌ಗಳ ವೇಗದಲ್ಲಿ ಓಡಿಸುತ್ತಿದ್ದರು. ಅದರಿಂದ ಸಿನಿಮಾ ಸುಮಾರು ಶೇ. 4ರಷ್ಟು ವೇಗವಾಗುತ್ತದೆ, ಶ್ರುತಿಯೂ ಮುಕ್ಕಾಲು ಅರ್ಧಸ್ವರದ ಹತ್ತಿರಕ್ಕೆ ಏರಬಹುದು. ಒಂದು ಪ್ರತಿಯಲ್ಲಿ ಅಳೆದ ವೇಗ ಇನ್ನೊಂದರಲ್ಲಿ ತಪ್ಪಾಗುತ್ತದೆ. ಎರಡನೆಯದು: ಮಾರುಕಟ್ಟೆಗೆ ಬರುವ ಧ್ವನಿಮುದ್ರಿಕೆಯ ಆಲ್ಬಂ ಕೇಳಿ ದೃಶ್ಯವನ್ನು ವಿಶ್ಲೇಷಿಸಬೇಡಿ. ಆಲ್ಬಂನಲ್ಲಿ ತುಣುಕುಗಳ ಕ್ರಮ ಬದಲಾಗಿರುತ್ತದೆ, ಎರಡು ಮೂರನ್ನು ಜೋಡಿಸಿ ಒಂದು ಮಾಡಿರುತ್ತಾರೆ, ಸಿನಿಮಾದಲ್ಲಿ ಕತ್ತರಿಸಿಹೋದ ಭಾಗವೂ ಅಲ್ಲಿರಬಹುದು. ಅನುಮಾನವಿದ್ದ ವಾದ್ಯವನ್ನು ಗುರುತಿಸಲು ಮಾತ್ರ ಅದು ನೆರವಿಗೆ ಬರುತ್ತದೆ.

## ಕೈಯಲ್ಲಿ ಹಿಡಿದುಕೊಳ್ಳಲು ಒಂದು ದೃಶ್ಯ

ಹಂತಗಳು ಗಾಳಿಯಲ್ಲಿ ತೇಲಬಾರದೆಂದು ಒಂದು ದೃಶ್ಯವನ್ನು ಕಲ್ಪಿಸಿಕೊಂಡಿದ್ದೇನೆ. ಉದ್ದ 2 ನಿಮಿಷ 40 ಸೆಕೆಂಡು. ವಯಸ್ಸಾದ ತಂದೆ ಮೇಜಿನ ಮುಂದೆ ಕುಳಿತು ಕೈಗಡಿಯಾರವೊಂದನ್ನು ಬಿಚ್ಚಿ ಸರಿಪಡಿಸುತ್ತಿದ್ದಾನೆ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿದೆ. ಬಹಳ ವರ್ಷಗಳ ನಂತರ ಮಗ ಬಾಗಿಲು ತೆರೆದು ಒಳಗೆ ಬರುತ್ತಾನೆ. 0:22ಕ್ಕೆ "ನಾನು ಬಂದಿದ್ದೇನೆ" ಎನ್ನುತ್ತಾನೆ. ತಂದೆ ತಲೆ ಎತ್ತುವುದಿಲ್ಲ. 0:51ಕ್ಕೆ ಮಗ ಮನೆಯ ಬೀಗದ ಕೈಯನ್ನು ಮೇಜಿನ ಮೇಲಿಡುತ್ತಾನೆ. 0:54ಕ್ಕೆ ತಂದೆಯ ಕೈ ನಿಲ್ಲುತ್ತದೆ. "ಇನ್ನು ಇದು ನನಗೆ ಬೇಡ" ಎಂದು ಮಗ ಸಿಟ್ಟಿನಿಂದ ಮಾತಾಡಿ, 1:38ಕ್ಕೆ ತಿರುಗಿ ನಡೆಯುತ್ತಾನೆ. 1:52ಕ್ಕೆ ಬಾಗಿಲು ಮುಚ್ಚುತ್ತದೆ. 2:05ಕ್ಕೆ ತಂದೆ ಬೀಗದ ಕೈಯನ್ನು ಎತ್ತಿಕೊಳ್ಳುತ್ತಾನೆ. ಸಂಗೀತ ಏನು ಮಾಡುತ್ತದೆ ಎನ್ನುವುದನ್ನು ಮುಂದೆ ಒಂದೊಂದಾಗಿ ತೆರೆಯೋಣ.

## ಹಂತ 1: ದೃಶ್ಯದ ಗಡಿ ಹಾಕಿಕೊಳ್ಳಿ

ವಿಶ್ಲೇಷಣೆಗೆ ಆರಿಸುವ ತುಣುಕು ಒಂದೂವರೆಯಿಂದ ನಾಲ್ಕು ನಿಮಿಷದೊಳಗಿರಲಿ. ದೃಶ್ಯದ ಹಿಂದಿನ ಮೂವತ್ತು ಸೆಕೆಂಡು, ಮುಂದಿನ ಮೂವತ್ತು ಸೆಕೆಂಡುಗಳನ್ನೂ ಸೇರಿಸಿಕೊಳ್ಳಿ. ಸಂಗೀತದ ಗಡಿಯೂ ದೃಶ್ಯದ ಗಡಿಯೂ ಬಹಳ ಸಲ ಒಂದೇ ಆಗಿರುವುದಿಲ್ಲ. ಹಿಂದಿನ ದೃಶ್ಯದಿಂದ ಹರಿದು ಬಂದ ಸ್ವರವನ್ನು ನೀವು ಈ ದೃಶ್ಯದ ಆರಂಭವೆಂದು ಭ್ರಮಿಸಬಹುದು.

ಸಿನಿಮಾದ ಅತ್ಯಂತ ಪ್ರಸಿದ್ಧ ದೃಶ್ಯವನ್ನು ಮೊದಲ ಅಭ್ಯಾಸಕ್ಕೆ ಆರಿಸಬೇಡಿ. ಅದರ ಬಗ್ಗೆ ಇತರರು ಹೇಳಿದ ಮಾತುಗಳು ಕಿವಿಯಲ್ಲಿ ಆಗಲೇ ತುಂಬಿರುತ್ತವೆ.

## ಹಂತ 2: ಶಬ್ದ ಮುಚ್ಚಿ ನೋಡಿ

ಶಬ್ದವನ್ನು ಪೂರ್ತಿ ತೆಗೆದು ಮೂರು ಸಲ ನೋಡಿ. ಪ್ರತಿ ಶಾಟ್ (ಕತ್ತರಿಸದೆ ಸಾಗುವ ಒಂದು ತುಣುಕು) ಎಲ್ಲಿ ಬದಲಾಗುತ್ತದೆ, ಕ್ಯಾಮೆರಾ ಯಾವಾಗ ಚಲಿಸುತ್ತದೆ, ಯಾರ ಮುಖ ಎಷ್ಟು ಹೊತ್ತು ಕಾಣುತ್ತದೆ ಎಂದು ಚಿತ್ರದ ಅಂಕಣದಲ್ಲಿ ಸಮಯದೊಂದಿಗೆ ಬರೆಯಿರಿ. ಬಳಿಕ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ದೃಶ್ಯಕ್ಕೆ ಸಂಗೀತ ಹಾಕುವ ಕೆಲಸ ನನ್ನದಾಗಿದ್ದರೆ ಎಲ್ಲಿ ಶುರು ಮಾಡುತ್ತಿದ್ದೆ? ಆ ಸಮಯವನ್ನು ಬರೆದಿಡಿ, ಅಳಿಸಬೇಡಿ.

ನಮ್ಮ ದೃಶ್ಯದಲ್ಲಿ ಹೆಚ್ಚಿನವರು ಮಗ ಬಾಗಿಲು ತೆರೆಯುವ ಕ್ಷಣವನ್ನೋ ಅವನು ಮೊದಲ ಮಾತಾಡುವ 0:22ನ್ನೋ ಬರೆಯುತ್ತಾರೆ. ನಿಮ್ಮ ಊಹೆಗೂ ಸಂಗೀತಗಾರರು ನಿಜವಾಗಿ ಆರಿಸಿದ ಜಾಗಕ್ಕೂ ಇರುವ ಅಂತರದಲ್ಲೇ ವಿಶ್ಲೇಷಣೆಯ ಬೀಜ ಸಿಗುವುದುಂಟು.

## ಹಂತ 3: ಚಿತ್ರ ಮುಚ್ಚಿ ಕೇಳಿ

ಈಗ ಪರದೆಗೆ ಬೆನ್ನು ಮಾಡಿ ಕೇಳಿ. ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಸಂಗೀತದಲ್ಲಿ ಏನಾದರೂ ಬದಲಾದಾಗಲೆಲ್ಲ ಪೆನ್ಸಿಲಿನಿಂದ ಮೇಜಿಗೆ ಒಮ್ಮೆ ತಟ್ಟಿ. ಹೊಸ ವಾದ್ಯ ಸೇರಿದರೂ ಒಂದು ವಾದ್ಯ ಬಿಟ್ಟುಹೋದರೂ ವೇಗ ಬದಲಾದರೂ ತಟ್ಟಬೇಕು. ಮೂರನೇ ಸಲ ತಟ್ಟಿದ ಕಡೆಯ ಸಮಯಗಳನ್ನು ಬರೆದುಕೊಳ್ಳಿ.

ಹೀಗೆ ಒಂದನ್ನು ಮರೆಮಾಡಿ ಇನ್ನೊಂದನ್ನು ಗಮನಿಸುವ ವಿಧಾನವನ್ನು ಫ್ರೆಂಚ್ ಚಿಂತಕ ಮಿಶೆಲ್ ಶಿಯೋನ್ ಪ್ರಚಲಿತಗೊಳಿಸಿದರು. ಇದನ್ನು ಹಾರಿಸಿ ಮುಂದೆ ಹೋದವರ ಬರಹ ನನಗೆ ಒಂದೇ ಪುಟದಲ್ಲಿ ಗೊತ್ತಾಗುತ್ತದೆ. ಅವರು ನಟನ ಮುಖದಲ್ಲಿ ಕಂಡದ್ದನ್ನು ಪಿಟೀಲಿನಲ್ಲಿ ಕೇಳಿದೆ ಎಂದು ಬರೆದಿರುತ್ತಾರೆ. ಕಣ್ಣು ಅಷ್ಟು ಬಲಶಾಲಿ. ಅದನ್ನು ಸ್ವಲ್ಪ ಹೊತ್ತು ಹೊರಗಿಡದೆ ಕಿವಿಗೆ ತನ್ನ ಪಾಲಿನ ಕೆಲಸ ಸಿಗುವುದಿಲ್ಲ.

## ಹಂತ 4: ಎಲ್ಲಿ ಶುರು, ಎಲ್ಲಿ ನಿಲುಗಡೆ

ಒಂದೇ ಹಂತಕ್ಕೆ ಸಮಯವಿದೆ ಎನ್ನುವವರು ಇದನ್ನು ಮಾಡಿ.

ಸಿನಿಮಾದ ಸಂಗೀತ ಒಂದೇ ಹರಿವಾಗಿ ತಯಾರಾಗುವುದಿಲ್ಲ. ನಿರ್ದೇಶಕರೂ ಸಂಗೀತ ಸಂಯೋಜಕರೂ ಒಟ್ಟಿಗೆ ಕುಳಿತು ಸಿನಿಮಾ ನೋಡಿ, ಸಂಗೀತ ಎಲ್ಲಿ ಬರಬೇಕು, ಎಲ್ಲಿ ಹೋಗಬೇಕು ಎಂದು ನಿರ್ಧರಿಸುತ್ತಾರೆ. ಇದಕ್ಕೆ ಸ್ಪಾಟಿಂಗ್ ಎನ್ನುತ್ತಾರೆ. ಹಾಗೆ ಗೊತ್ತುಮಾಡಿದ ಪ್ರತಿ ತುಣುಕು ಒಂದು ಕ್ಯೂ. ಹಳೆಯ ರೂಢಿಯಂತೆ '3ಎಂ2' ಎಂದರೆ ಮೂರನೇ ರೀಲಿನ ಎರಡನೇ ಕ್ಯೂ. ಒಂದು ಸ್ವರವನ್ನೂ ಬರೆಯುವ ಮೊದಲೇ ಆಗುವ ಈ ನಿರ್ಧಾರ ದೃಶ್ಯದ ಅರ್ಥವನ್ನು ಬಹುಮಟ್ಟಿಗೆ ಕಟ್ಟಿಬಿಡುತ್ತದೆ.

ಕ್ಯೂ ಶುರುವಾಗುವ ಫ್ರೇಮನ್ನು ಹುಡುಕಿ. ಸರಿಸುಮಾರು ಸಾಲದು. ಮೆಲ್ಲಗೆ ತೇಲಿಬರುವ ಸ್ವರವಾದರೆ ಶಬ್ದವನ್ನು ಏರಿಸಿ, ಹಿಂದಕ್ಕೆ ಹೋಗಿ ಹೋಗಿ, ಅದು ನಿಜವಾಗಿ ಹುಟ್ಟುವ ಕ್ಷಣವನ್ನು ಹಿಡಿಯಿರಿ. ನಾವು ಸಂಗೀತವನ್ನು ಗಮನಿಸುವ ಹೊತ್ತಿಗೆ ಅದು ಐದಾರು ಸೆಕೆಂಡಿನಿಂದ ಅಲ್ಲಿದ್ದಿರುತ್ತದೆ. ಗಮನಕ್ಕೆ ಬಾರದ ಆ ಐದಾರು ಸೆಕೆಂಡುಗಳಲ್ಲಿ ಪರದೆಯ ಮೇಲೆ ಏನಿತ್ತು ಎನ್ನುವುದು ಮುಖ್ಯ.

ನಂತರ ಕೇಳಿಕೊಳ್ಳಿ: ಯಾವುದು ಈ ಸಂಗೀತವನ್ನು ಎಬ್ಬಿಸಿತು? ಮಾತೇ, ನೋಟವೇ, ಶಾಟಿನ ಬದಲಾವಣೆಯೇ, ಕ್ಯಾಮೆರಾದ ಚಲನೆಯೇ, ಅಥವಾ ಏನೂ ಆಗದ ಒಂದು ಕ್ಷಣವೇ?

ನಮ್ಮ ದೃಶ್ಯದಲ್ಲಿ ಸಂಗೀತ 0:56ಕ್ಕೆ ಶುರುವಾಗುತ್ತದೆ. ಮಗ ಬಂದಾಗ ಇಲ್ಲ, ಮಾತಾಡಿದಾಗ ಇಲ್ಲ, ಬೀಗದ ಕೈ ಇಟ್ಟಾಗಲೂ ಇಲ್ಲ. ತಂದೆಯ ಕೈ ನಿಂತು ಎರಡು ಸೆಕೆಂಡು ಕಳೆದ ಮೇಲೆ ಬರುತ್ತದೆ. ಹಾಳೆಯಲ್ಲಿ ಇದನ್ನು ಹಾಗೆಯೇ ಬರೆಯಿರಿ. ಅರ್ಥ ಹಚ್ಚುವ ಆಸೆ ಬರುತ್ತದೆ, ತಡೆದುಕೊಳ್ಳಿ.

ನಿಲುಗಡೆಯನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಸಂಗೀತ ನಿಲ್ಲುವ ರೀತಿಗಳು ಹಲವು. ಒಂದು ಸ್ವರಕೂಟದ (ಒಟ್ಟಿಗೆ ನುಡಿಯುವ ಸ್ವರಗಳ) ಮೇಲೆ ನೆಲೆಗೊಂಡು ಮುಗಿಯಬಹುದು, ನೆಲೆ ಕಾಣದೆ ಕಡಿದುಹೋಗಬಹುದು, ಬೇರೊಂದು ಸದ್ದಿನೊಳಗೆ ಕರಗಬಹುದು, ಮುಂದಿನ ದೃಶ್ಯಕ್ಕೆ ದಾಟಿಹೋಗಬಹುದು. ನಮ್ಮಲ್ಲಿ 2:24ಕ್ಕೆ ನಿಲ್ಲುತ್ತದೆ, ದೃಶ್ಯ ಮುಗಿಯಲು ಇನ್ನೂ 16 ಸೆಕೆಂಡು ಇರುವಾಗ. ಆ 16 ಸೆಕೆಂಡುಗಳಲ್ಲಿ ಕೇಳುವುದು ಗಡಿಯಾರದ ಟಿಕ್ ಟಿಕ್ ಮಾತ್ರ.

## ಹಂತ 5: ವಾದ್ಯವೃಂದವನ್ನು ಬಿಡಿಸಿ ಕೇಳಿ

ಇಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಒಂದು, ಎಲ್ಲವನ್ನೂ 'ವಯೊಲಿನ್ ಸಂಗೀತ' ಎಂದು ಕರೆದು ಮುಗಿಸುವುದು. ಇನ್ನೊಂದು, ಪ್ರತಿ ವಾದ್ಯಕ್ಕೂ ಒಂದು ಭಾವದ ಚೀಟಿ ಅಂಟಿಸುವುದು: ಓಬೋ (ಒಂದು ಮರದ ಗಾಳಿವಾದ್ಯ) ಎಂದರೆ ವಿರಹ, ಹಾರ್ನ್ ಎಂದರೆ ಶೌರ್ಯ, ಪಿಟೀಲು ಎಂದರೆ ಪ್ರೇಮ. ಎರಡನೆಯದು ವಿದ್ವತ್ತಿನ ವೇಷದಲ್ಲಿ ಬರುವುದರಿಂದ ಹೆಚ್ಚು ಅಪಾಯಕಾರಿ. 1960ರ 'ಸೈಕೋ' ಸಿನಿಮಾಕ್ಕೆ ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ. ಹಿತ್ತಾಳೆ ವಾದ್ಯವಿಲ್ಲ, ತಾಳವಾದ್ಯವಿಲ್ಲ. ಸ್ನಾನಗೃಹದ ಕೊಲೆಯಲ್ಲಿ ಚೀರುವುದು ಅದೇ ಪಿಟೀಲುಗಳು. ಅಲ್ಲಿ ಕೆಲಸ ಮಾಡಿದ್ದು ವಾದ್ಯದ ಹೆಸರಲ್ಲ. ಅದನ್ನು ಎಷ್ಟು ಎತ್ತರದಲ್ಲಿ, ಎಷ್ಟು ಬಿರುಸಾಗಿ, ಎಂತಹ ಕರ್ಕಶ ಸ್ವರಗಳಲ್ಲಿ ನುಡಿಸಿದರು ಎನ್ನುವುದು.

ಆದ್ದರಿಂದ ವಾದ್ಯದ ಹೆಸರಿಗಿಂತ ಮೊದಲು ಮೂರು ಸಂಗತಿ ಬರೆದುಕೊಳ್ಳಿ.

ಎತ್ತರ. ಸಂಗೀತ ಮಂದ್ರದಲ್ಲಿದೆಯೇ, ಮಧ್ಯದಲ್ಲೇ, ತಾರದಲ್ಲೇ? ಮೇಲೊಂದು ತೆಳುವಾದ ಪಿಟೀಲಿನ ಸ್ವರ, ಕೆಳಗೊಂದು ಡಬಲ್ ಬಾಸ್, ನಡುವೆ ಏನೂ ಇಲ್ಲ ಎನ್ನುವ ಜೋಡಣೆಯನ್ನು ವಿಶೇಷವಾಗಿ ಗಮನಿಸಿ. ನಡುವಿನ ಆ ಖಾಲಿ ಜಾಗ ಕೇಳುಗನಿಗೆ ಕಾಲಕೆಳಗಿನ ನೆಲ ದೂರ ಸರಿದಂತೆ ಅನ್ನಿಸುತ್ತದೆ.

ಸಂಖ್ಯೆ. ಒಬ್ಬರು ನುಡಿಸುತ್ತಿದ್ದಾರೆಯೇ, ಒಂದು ಗುಂಪೇ? ಒಂಟಿ ಪಿಟೀಲಿಗೂ ಹದಿನಾರು ಪಿಟೀಲುಗಳು ಒಂದೇ ಸಾಲನ್ನು ನುಡಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಒಂಟಿ ವಾದ್ಯದಲ್ಲಿ ಕಮಾನಿನ ಉಜ್ಜುವಿಕೆ, ಉಸಿರು, ಕೈಯ ನಡುಕ ಕೇಳುತ್ತವೆ. ಗುಂಪಿನಲ್ಲಿ ಅವೆಲ್ಲ ಮಾಸಿ ಒಂದು ಹೊಳೆಯುವ ಮೈ ಬರುತ್ತದೆ.

ನುಡಿಸುವ ಬಗೆ. ಕಮಾನನ್ನು ಅತಿ ವೇಗವಾಗಿ ಹಿಂದೆ ಮುಂದೆ ಆಡಿಸಿದರೆ ಸ್ವರ ಕಂಪಿಸುತ್ತದೆ, ಅದು ಟ್ರೆಮೊಲೊ. ತಂತಿಯನ್ನು ಬೆರಳಿನಿಂದ ಮೀಟಿದರೆ ಪಿಟ್ಸಿಕಾಟೊ. ದನಿ ತಗ್ಗಿಸಲು ವಾದ್ಯಕ್ಕೆ ಸಿಕ್ಕಿಸುವ ಪುಟ್ಟ ಸಾಧನ ಮ್ಯೂಟ್; ಅದನ್ನು ಹಾಕಿದರೆ ದನಿ ಬಾಗಿಲಿನ ಆಚೆಯಿಂದ ಬಂದಂತೆ ಮೆತ್ತಗಾಗುತ್ತದೆ. ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ನುಡಿಸಿದರೆ ಸಿಗುವ ಗಾಜಿನಂತಹ ಸ್ವರಕ್ಕೆ ಹಾರ್ಮೋನಿಕ್ಸ್ ಎನ್ನುತ್ತಾರೆ. ಈ ನಾಲ್ಕನ್ನು ಗುರುತಿಸಲು ಕಲಿತರೆ ತಂತಿವಾದ್ಯಗಳ ಮಟ್ಟಿಗೆ ಬಹುಪಾಲು ದೃಶ್ಯಗಳಿಗೆ ಸಾಕು.

ವಾದ್ಯದ ಹೆಸರು ಗೊತ್ತಾಗದಿದ್ದರೆ ಕುಟುಂಬದ ಹೆಸರು ಬರೆಯಿರಿ: ತಂತಿ, ಮರದ ಗಾಳಿವಾದ್ಯ, ಹಿತ್ತಾಳೆ, ತಾಳವಾದ್ಯ. 'ಮಧ್ಯ ಸ್ಥಾಯಿಯ ಮರದ ಗಾಳಿವಾದ್ಯ, ಒಂಟಿ, ಮೃದುವಾದ ಆರಂಭ' ಎಂದು ಬರೆಯುವುದು, ಕ್ಲಾರಿನೆಟ್ಟನ್ನು ತಪ್ಪಾಗಿ ಓಬೋ ಎನ್ನುವುದಕ್ಕಿಂತ ಎಷ್ಟೋ ಮೇಲು.

ರಾಗವನ್ನೇ ಹುಡುಕುವ ಕಿವಿ ನಮ್ಮದಾದರೆ ಇನ್ನೊಂದು ತೊಡಕು ಬರುತ್ತದೆ. ವಾದ್ಯವೃಂದದ ಹಿನ್ನೆಲೆ ಸಂಗೀತದಲ್ಲಿ ಎಷ್ಟೋ ಹೊತ್ತು ಗುನುಗಬಹುದಾದ ಸಾಲೇ ಇರುವುದಿಲ್ಲ. ಆಗ 'ಇಲ್ಲಿ ಸಂಗೀತವಿಲ್ಲ' ಎಂದು ಬರೆಯುವವರಿದ್ದಾರೆ. ಮೇಲಿನ ಸಾಲನ್ನು ಬಿಟ್ಟು ಕೆಳಗಿನ ಸ್ವರವನ್ನು ಹಿಂಬಾಲಿಸಿ. ಮೇಲೆ ಏನೇನೋ ಬದಲಾಗುತ್ತಿರುವಾಗ ಕೆಳಗೆ ಆಧಾರ ಶ್ರುತಿಯಂತೆ ಒಂದೇ ಸ್ವರ ಕದಲದೆ ನಿಂತಿದೆಯೇ? ಅದು ಯಾವಾಗ ಕದಲುತ್ತದೆ? ಕದಲಿದ ಆ ಸಮಯವನ್ನು ಚಿತ್ರದ ಅಂಕಣದೊಂದಿಗೆ ಹೋಲಿಸಿದಾಗ ನನಗೆ ಎಷ್ಟೋ ದೃಶ್ಯಗಳು ತೆರೆದುಕೊಂಡಿವೆ.

ನಮ್ಮ ದೃಶ್ಯದ ಹಾಳೆ ಈಗ ಹೀಗಿದೆ. 0:56: ಚೆಲ್ಲೋಗಳು (ಪಿಟೀಲಿಗಿಂತ ದೊಡ್ಡ, ತಗ್ಗಿನ ದನಿಯ ತಂತಿವಾದ್ಯ), ಮಂದ್ರದಲ್ಲಿ, ಮ್ಯೂಟ್ ಹಾಕಿದ ಒಂದು ದೀರ್ಘ ಸ್ವರ. 1:15: ಎರಡು ಮಾತುಗಳ ನಡುವೆ ಒಂಟಿ ಕ್ಲಾರಿನೆಟ್, ಐದು ಸ್ವರಗಳ ಒಂದು ತುಣುಕು. 1:38: ಪಿಟೀಲುಗಳು ಸೇರಿ ದನಿ ಏರುತ್ತದೆ, ಚೆಲ್ಲೋ ಸ್ವರ ಮೊದಲ ಸಲ ಕದಲುತ್ತದೆ. 2:05: ತಂತಿವಾದ್ಯಗಳೆಲ್ಲ ಬಿಟ್ಟುಹೋಗಿ ಕ್ಲಾರಿನೆಟ್ ಒಂದೇ ಉಳಿಯುತ್ತದೆ, ಅದೇ ತುಣುಕು, ಆದರೆ ನಿಧಾನವಾಗಿ, ಬಿಡಿಬಿಡಿಯಾಗಿ. ನಾಲ್ಕನೇ ಸ್ವರಕ್ಕೆ ನಿಲ್ಲುತ್ತದೆ. ಐದನೆಯದು ಬರುವುದಿಲ್ಲ.

## ಹಂತ 6: ವೇಗವನ್ನು ಅಳೆಯಿರಿ, ಶಾಟಿನ ಬದಲಾವಣೆಯೊಂದಿಗೆ ಹೋಲಿಸಿ

ಮೆಟ್ರೊನೋಮ್ ಆ್ಯಪಿನಲ್ಲಿ ಸಂಗೀತದ ತಾಳ ತಟ್ಟಿ ನಿಮಿಷಕ್ಕೆ ಎಷ್ಟು ಬಡಿತ ಎಂದು ನೋಡಿ. ಸೆಕೆಂಡಿಗೆ 24 ಫ್ರೇಮ್ ಎಂದಾದರೆ ಲೆಕ್ಕ ಸುಲಭ: ನಿಮಿಷಕ್ಕೆ 60 ಬಡಿತವಿದ್ದರೆ ಒಂದು ಬಡಿತಕ್ಕೆ 24 ಫ್ರೇಮ್, 120 ಇದ್ದರೆ 12 ಫ್ರೇಮ್. ಈ ಅಂಕಿ ಕೈಯಲ್ಲಿದ್ದರೆ ಶಾಟ್ ಬದಲಾಗುವುದು ಬಡಿತದ ಮೇಲೋ ಬಡಿತದ ನಡುವೆಯೋ ಎಂದು ಖಚಿತವಾಗಿ ಹೇಳಬಹುದು.

ಚಿತ್ರದ ಒಂದು ಘಟನೆಗೆ ಸಂಗೀತ ಸರಿಯಾಗಿ ಬಡಿಯುವ ಜಾಗಗಳನ್ನು ಸಿಂಕ್ ಪಾಯಿಂಟ್ ಎನ್ನುತ್ತಾರೆ. ಅವುಗಳನ್ನು ಎಣಿಸಿ. ಹೆಜ್ಜೆ ಹೆಜ್ಜೆಗೂ ಸಂಗೀತ ಹೊಂದಿಕೊಂಡರೆ ಅದು ಕಾರ್ಟೂನ್ ಸಿನಿಮಾಗಳಿಂದ ಹೆಸರು ಪಡೆದ ಮಿಕಿ ಮೌಸಿಂಗ್. ಗಂಭೀರ ದೃಶ್ಯಗಳಲ್ಲಿ ಸಾಮಾನ್ಯವಾಗಿ ಒಂದೆರಡೇ ಸಿಂಕ್ ಪಾಯಿಂಟ್ ಇರುತ್ತವೆ. ಹಾಗಾಗಿಯೇ ಅವುಗಳಿಗೆ ಬೆಲೆ.

ಹೊಂದಿಕೊಂಡ ಜಾಗಗಳಷ್ಟೇ ಶ್ರದ್ಧೆಯಿಂದ ಹೊಂದಿಕೊಳ್ಳದ ಜಾಗಗಳನ್ನೂ ಬರೆಯಿರಿ. 1:52ಕ್ಕೆ ಬಾಗಿಲು ಮುಚ್ಚುತ್ತದೆ, ಇಡೀ ದೃಶ್ಯದಲ್ಲಿ ದೊಡ್ಡ ಸದ್ದು ಅದೇ. ಅಲ್ಲಿ ಒಂದು ಟಿಂಪನಿ ಏಟು ಕೊಡುವುದು ಎಷ್ಟು ಸುಲಭವಾಗಿತ್ತು! ಕೊಟ್ಟಿಲ್ಲ. ಪಿಟೀಲುಗಳು ಬಾಗಿಲನ್ನು ಕೇಳಿಯೇ ಇಲ್ಲವೇನೋ ಎಂಬಂತೆ ಮುಂದುವರಿಯುತ್ತವೆ.

ಲಯದಲ್ಲಿ ಇನ್ನೊಂದು ಸಂಗತಿ ಸಿಗುತ್ತದೆ. ಗೋಡೆಯ ಗಡಿಯಾರ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತದೆ, ಅಂದರೆ ನಿಮಿಷಕ್ಕೆ 60. ಸಂಗೀತ 0:56ರಿಂದ ನಿಮಿಷಕ್ಕೆ ಸುಮಾರು 52ರ ವೇಗದಲ್ಲಿದೆ. ಹಾಗಾಗಿ ಎರಡೂ ಒಂದಕ್ಕೊಂದು ತಾಗದೆ ಅಲೆಯುತ್ತವೆ. 2:05ರ ನಂತರ ಕ್ಲಾರಿನೆಟ್ಟಿನ ನಾಲ್ಕು ಸ್ವರಗಳು ಟಿಕ್ ಶಬ್ದದ ಮೇಲೆಯೇ ಬೀಳುತ್ತವೆ. ಬರಿಯ ಕಿವಿಗೆ ಇದು 'ಏನೋ ಸರಿಹೋಯಿತು' ಎನ್ನುವ ಅನುಭವ. ಅಳೆದಾಗ ಮಾತ್ರ ಕಾರಣ ಕೈಗೆ ಸಿಗುತ್ತದೆ.

## ಹಂತ 7: ಮಾತು, ಸದ್ದು, ಮೌನ

ಸಂಗೀತ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಮಾತು ಶುರುವಾದಾಗ ಸಂಗೀತ ಏನು ಮಾಡುತ್ತದೆ ಎಂದು ನೋಡಿ. ಅದರ ಮಟ್ಟವನ್ನು ಇಳಿಸಿರಬಹುದು, ಅಥವಾ ಸಂಯೋಜಕರು ಮೊದಲೇ ಮಾತಿಗೆ ಜಾಗ ಬಿಟ್ಟು ಬರೆದಿರಬಹುದು. ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ 2000ದಿಂದ 4000 ಹರ್ಟ್ಸ್ ವ್ಯಾಪ್ತಿಯಲ್ಲಿರುವುದರಿಂದ, ಮಾತಿನ ಕೆಳಗೆ ಮಂದ್ರದ ದೀರ್ಘ ಸ್ವರಗಳು ಸುರಕ್ಷಿತ; ಚುರುಕಾಗಿ ಓಡುವ, ಮಾತಿನಷ್ಟೇ ಎತ್ತರದ ಸಾಲುಗಳು ಮಾತನ್ನು ನುಂಗುತ್ತವೆ. ಚೆಲ್ಲೋ ಉದ್ದಕ್ಕೂ ಇದ್ದು ಕ್ಲಾರಿನೆಟ್ ಮಾತಿನ ಬಿಡುವಿನಲ್ಲಷ್ಟೇ ಬರುವುದಕ್ಕೆ ಇದೂ ಒಂದು ಕಾರಣ. ಎಲ್ಲ ಆಯ್ಕೆಯನ್ನೂ ಭಾವಕ್ಕೆ ಕಟ್ಟಬೇಡಿ. ಕೆಲವು ಕೇವಲ ಕೆಲಸಗಾರಿಕೆಯ ಆಯ್ಕೆಗಳು, ಅವೂ ಗೌರವಕ್ಕೆ ಅರ್ಹ.

ಸದ್ದಿನ ಅಂಕಣವನ್ನು ಬೇರೆ ಇಟ್ಟದ್ದು ಇದಕ್ಕಾಗಿ: ಗಾಳಿ, ಮಳೆ, ಗಡಿಯಾರ, ಯಂತ್ರ ಇವು ಸಂಗೀತದ ಕೈಯಿಂದ ಕೆಲಸ ಇಸಿದುಕೊಳ್ಳುತ್ತವೆ, ಮತ್ತೆ ಹಿಂದಿರುಗಿಸುತ್ತವೆ. ನಮ್ಮ ದೃಶ್ಯದಲ್ಲಿ ಮೊದಲ 56 ಸೆಕೆಂಡು ಗಡಿಯಾರವೇ ಸಂಗೀತ. ಅದು ಆಮೇಲೆ ಚೆಲ್ಲೋಗಳ ಕೆಳಗೆ ಮಸುಕಾಗಿ, ಕೊನೆಗೆ ಮರಳಿ ಬರುತ್ತದೆ.

ರೇಡಿಯೊ, ಪಿಯಾನೊ, ಹಾಡುವ ಪಾತ್ರ ಹೀಗೆ ದೃಶ್ಯದೊಳಗಿನಿಂದಲೇ ಸಂಗೀತ ಬರುತ್ತಿದ್ದರೆ ಪಾತ್ರಗಳಿಗೂ ಅದು ಕೇಳಿಸುತ್ತಿದೆ ಎಂದು ಗುರುತು ಹಾಕಿ. ಒಳಗಿನ ಸಂಗೀತ ಮೆಲ್ಲಗೆ ಹಿನ್ನೆಲೆ ಸಂಗೀತವಾಗಿ ಹಿಗ್ಗುವ ಕಡೆ ಎರಡು ಗೆರೆ ಎಳೆಯಿರಿ.

## ಹಂತ 8: ಸಂಗೀತಕ್ಕೆ ಏನು ಗೊತ್ತು, ಅದು ಯಾರ ಪಕ್ಕದಲ್ಲಿದೆ?

ಈಗ ಅರ್ಥದ ಸರದಿ. ಇಲ್ಲಿಯೂ 'ಯಾವ ಭಾವ' ಎಂದು ಕೇಳಬೇಡಿ. ಸಂಗೀತವನ್ನು ಆ ಕೋಣೆಯಲ್ಲಿರುವ, ಕಣ್ಣಿಗೆ ಕಾಣದ ಇನ್ನೊಬ್ಬ ವ್ಯಕ್ತಿ ಎಂದುಕೊಳ್ಳಿ. ಅವನು ಯಾರ ಪಕ್ಕ ನಿಂತಿದ್ದಾನೆ? ಪಾತ್ರಗಳಿಗಿಂತ ಅವನಿಗೆ ಹೆಚ್ಚು ಗೊತ್ತೇ, ಅಷ್ಟೇ ಗೊತ್ತೇ, ಕಡಿಮೆಯೇ? ಗೊತ್ತಿರುವುದನ್ನು ನಮಗೆ ಪ್ರಾಮಾಣಿಕವಾಗಿ ಹೇಳುತ್ತಾನೆಯೇ?

1975ರ 'ಜಾಸ್' ಸಿನಿಮಾದಲ್ಲಿ ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳ ಮೊಳಗು ಶಾರ್ಕ್ ಹತ್ತಿರವಿರುವುದನ್ನು ಹೇಳುತ್ತದೆ. ಇಬ್ಬರು ಹುಡುಗರು ನೀರಿನಲ್ಲಿ ಶಾರ್ಕಿನ ನಕಲಿ ಈಜುರೆಕ್ಕೆ ಬಳಸಿ ಜನರನ್ನು ಹೆದರಿಸುವಾಗ ಆ ಮೊಳಗು ಬರುವುದಿಲ್ಲ. ಕಡಲತೀರದವರೆಲ್ಲ ಓಡುತ್ತಿದ್ದರೂ ಸಂಗೀತಕ್ಕೆ ನಿಜ ಗೊತ್ತು. ಪ್ರೇಕ್ಷಕರು ಈ ಒಪ್ಪಂದವನ್ನು ನಂಬಿದ ಮೇಲೆ, ಮುಂದೊಮ್ಮೆ ಶಾರ್ಕ್ ಯಾವ ಮುನ್ಸೂಚನೆಯ ಸಂಗೀತವೂ ಇಲ್ಲದೆ ದೋಣಿಯ ಹಿಂದೆ ನೀರಿನಿಂದ ಮೇಲೇಳುತ್ತದೆ. ಅಲ್ಲಿನ ಬೆಚ್ಚುವಿಕೆ ಮುರಿದ ನಂಬಿಕೆಯಿಂದ ಬಂದದ್ದು. 'ಭಯದ ಸಂಗೀತ' ಎಂದು ಬರೆದವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ. 'ಸಂಗೀತಕ್ಕೆ ಏನು ಗೊತ್ತು' ಎಂದು ಕೇಳಿದವರಿಗೆ ಎಲ್ಲವೂ ಸಿಗುತ್ತದೆ.

ನಮ್ಮ ದೃಶ್ಯಕ್ಕೆ ಬನ್ನಿ, ಹಾಳೆಯನ್ನು ಮೇಲಿನಿಂದ ಕೆಳಗೆ ಓದಿ. ಸಂಗೀತ ಏಳುವುದು ತಂದೆಯ ಕೈ ನಿಂತಾಗ. ಮಗನ ಮಾತಿನಲ್ಲಿ ಸಿಟ್ಟಿದೆ, ಸಂಗೀತದಲ್ಲಿ ಇಲ್ಲ. ಮಗ ಬಾಗಿಲು ದಾಟಿ ಹೋದರೂ ಸಂಗೀತ ಅವನ ಹಿಂದೆ ಹೋಗುವುದಿಲ್ಲ, ಬಾಗಿಲಿನ ಸದ್ದಿಗೆ ಬೆಚ್ಚುವುದಿಲ್ಲ, ಕೋಣೆಯಲ್ಲೇ ಉಳಿಯುತ್ತದೆ. ಕೊನೆಗೆ ತಂದೆಯ ಗಡಿಯಾರದ ಲಯಕ್ಕೆ ಹೊಂದಿಕೊಳ್ಳುತ್ತದೆ. ಮಾತೆಲ್ಲ ಮಗನದು, ಮುಖವೂ ಹೆಚ್ಚು ಹೊತ್ತು ಅವನದೇ. ಆದರೆ ಸಂಗೀತ ಒಂದು ಮಾತೂ ಆಡದ ತಂದೆಯ ಪಕ್ಕದಲ್ಲಿದೆ. 'ದುಃಖದ ಸಂಗೀತ' ಎಂದು ಮೊದಲ ನಿಮಿಷದಲ್ಲೇ ಬರೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

## ಹಂತ 9: ಬದಲಿಸಿ ಪರೀಕ್ಷಿಸಿ

ನೀವು ಕಂಡುಕೊಂಡದ್ದು ನಿಜವೋ, ನಿಮ್ಮ ಇಷ್ಟವೋ ಎಂದು ತಿಳಿಯಲು ಮೂರು ಪರೀಕ್ಷೆ ಮಾಡಿ. ಸರಳವಾದ ವಿಡಿಯೊ ಎಡಿಟಿಂಗ್ ಆ್ಯಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮನಸ್ಸಿನಲ್ಲೇ ಮಾಡಬಹುದು.

ಸಂಗೀತವನ್ನು ಪೂರ್ತಿ ತೆಗೆದುಬಿಟ್ಟರೆ ಏನಾಗುತ್ತದೆ? 'ಸೈಕೋ' ಸ್ನಾನಗೃಹದ ದೃಶ್ಯಕ್ಕೆ ಸಂಗೀತವೇ ಬೇಡವೆಂದು ಅದರ ನಿರ್ದೇಶಕ ಹಿಚ್‌ಕಾಕ್ ಮೊದಲು ಹೇಳಿದ್ದರು. ಹರ್ಮನ್ ಬರೆದದ್ದನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದರು. ನಿರ್ದೇಶಕರೇ ಮಾಡಿದ ಪರೀಕ್ಷೆ ಅದು. ಸಂಗೀತವಿಲ್ಲದೆಯೂ ದೃಶ್ಯ ಅಷ್ಟೇ ಹೇಳುತ್ತದೆ ಎಂದಾದರೆ, ಅದನ್ನೂ ಧೈರ್ಯವಾಗಿ ಬರೆಯಿರಿ.

ಎರಡನೆಯದು, ಅದೇ ಸಂಗೀತವನ್ನು ಜರುಗಿಸುವುದು. ನಮ್ಮ ಚೆಲ್ಲೋ ಸ್ವರವನ್ನು 0:56ರಿಂದ 0:22ಕ್ಕೆ, 'ನಾನು ಬಂದಿದ್ದೇನೆ' ಎನ್ನುವ ಮಾತಿನ ಕೆಳಗೆ ತಂದು ನೋಡಿ. ಒಂದು ಸ್ವರವೂ ಬದಲಾಗಿಲ್ಲ, ಆದರೆ ದೃಶ್ಯ ಮಗನದಾಗಿಬಿಡುತ್ತದೆ. ಎಂಟನೇ ಹಂತದ ನಿರ್ಣಯಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇರೆ ಬೇಕಿಲ್ಲ.

ಮೂರನೆಯದು, ಬೇರೆ ಸಂಗೀತ ಹಾಕುವುದು. ಇದು ಮನರಂಜಕವಾದರೂ ಮೂರರಲ್ಲಿ ದುರ್ಬಲ. ಯಾವ ಸಂಗೀತ ಹಾಕಿದರೂ ಅಲ್ಲಲ್ಲಿ ಆಕಸ್ಮಿಕವಾಗಿ ಹೊಂದಿಕೊಳ್ಳುತ್ತದೆ, ಮನಸ್ಸು ಅದಕ್ಕೆ ಅರ್ಥ ಹುಡುಕಿಕೊಳ್ಳುತ್ತದೆ. ಈ ಎಚ್ಚರ ನಿಮ್ಮ ಮೂಲ ವಿಶ್ಲೇಷಣೆಗೂ ಬೇಕು: ಒಂದೇ ಹೊಂದಾಣಿಕೆಯ ಮೇಲೆ ದೊಡ್ಡ ಮಾತು ಕಟ್ಟಬೇಡಿ, ಕನಿಷ್ಠ ಮೂರು ಜಾಗಗಳು ಒಂದೇ ದಿಕ್ಕಿಗೆ ಬೆರಳು ತೋರಿಸಬೇಕು.

## ದಾರಿ ತಪ್ಪಿದ ಸೂಚನೆಗಳು

ಬರೆಯಲು ಕೂರುವ ಮೊದಲು ಹಾಳೆಯನ್ನು ಇವುಗಳ ಎದುರು ಹಿಡಿಯಿರಿ.

- ಸಂಗೀತದ ಅಂಕಣದಲ್ಲಿ ಸುಂದರ, ಮನಮುಟ್ಟುವ, ರೋಮಾಂಚಕ ಎಂಬ ಪದಗಳು ಬಂದಿವೆ. ಅವು ನಿಮ್ಮ ಬಗ್ಗೆ ಹೇಳುತ್ತವೆ. ಕೇಳಿಸಿದ್ದನ್ನು ಬರೆಯಿರಿ.
- ಸಂಗೀತ ಇರುವ ಕಡೆ ಮಾತ್ರ ಟಿಪ್ಪಣಿ ಇದೆ, ಇಲ್ಲದ ಕಡೆ ಅಂಕಣ ಖಾಲಿ ಬಿದ್ದಿದೆ. 'ಇಲ್ಲ' ಎನ್ನುವುದೂ ಒಂದು ದಾಖಲೆ.
- 'ಸಂಯೋಜಕರು ಇಲ್ಲಿ ಹೀಗೆ ಹೇಳಬಯಸಿದ್ದಾರೆ' ಎಂದು ಬರೆದಿದ್ದೀರಿ. ಸಂಕಲನದ ಹೊತ್ತಿನಲ್ಲಿ ತಾತ್ಕಾಲಿಕವಾಗಿ ಬೇರೆ ಸಂಗೀತವನ್ನು ಹಾಕಿಕೊಂಡು, ಅದರಂತೆಯೇ ಬೇಕೆಂದು ನಿರ್ದೇಶಕರು ಕೇಳುವುದುಂಟು. ಕ್ಯೂವನ್ನು ಕೊನೆಯ ಗಳಿಗೆಯಲ್ಲಿ ಕತ್ತರಿಸುವುದೂ ಉಂಟು. 'ಸಂಗೀತ ಹೀಗೆ ಮಾಡುತ್ತದೆ' ಎಂದಷ್ಟೇ ಬರೆಯಿರಿ.
- ನಿಮ್ಮ ನಿರ್ಣಯಕ್ಕೆ ಒಪ್ಪದ ಒಂದು ಜಾಗವೂ ಹಾಳೆಯಲ್ಲಿಲ್ಲ. ಆಗ ಅನುಮಾನಪಡಿ; ಬಹುಶಃ ಒಪ್ಪದ್ದನ್ನು ಕಿವಿ ಬಿಟ್ಟುಬಿಟ್ಟಿದೆ.

## ಹಂತ 10: ಬರೆಯಿರಿ

ಹಾಳೆಯನ್ನು ಸಮಯದ ಕ್ರಮದಲ್ಲಿ ಗದ್ಯಕ್ಕೆ ಇಳಿಸಬೇಡಿ. 'ಮೊದಲು ಚೆಲ್ಲೋ ಬರುತ್ತದೆ, ನಂತರ ಕ್ಲಾರಿನೆಟ್ ಬರುತ್ತದೆ' ಎಂದು ಸಾಗುವ ಬರಹವನ್ನು ಯಾರೂ ಕೊನೆಯವರೆಗೆ ಓದುವುದಿಲ್ಲ. ಒಂದು ಹೇಳಿಕೆಯಿಂದ ಶುರು ಮಾಡಿ, ಅದಕ್ಕೆ ಸಾಕ್ಷಿಯಾಗಿ ಮೂರು ನಾಲ್ಕು ಕ್ಷಣಗಳನ್ನು ತನ್ನಿ, ಪ್ರತಿ ಕ್ಷಣಕ್ಕೂ ಸಮಯ ಕೊಡಿ. ತಾಂತ್ರಿಕ ಪದ ಬಂದಾಗ ಅದು ಕಿವಿಗೆ ಹೇಗೆ ಕೇಳುತ್ತದೆ ಎಂದು ಅದೇ ವಾಕ್ಯದಲ್ಲಿ ಹೇಳಿ.

ನಮ್ಮ ದೃಶ್ಯದ ಬಗ್ಗೆ ನಾನು ಬರೆಯುವುದಾದರೆ ಆರಂಭ ಹೀಗಿರುತ್ತದೆ:

"ಈ ದೃಶ್ಯದಲ್ಲಿ ಮಾತಾಡುವವನು ಮಗ, ಆದರೆ ಸಂಗೀತ ಕಿವಿಗೊಡುವುದು ತಂದೆಗೆ. ಮಗನ ಆಗಮನಕ್ಕೂ ಮೊದಲ ಮಾತಿಗೂ ಸುಮ್ಮನಿದ್ದ ವಾದ್ಯವೃಂದ, ತಂದೆಯ ಬೆರಳುಗಳು ಗಡಿಯಾರದ ಮೇಲೆ ನಿಂತ ಎರಡು ಸೆಕೆಂಡುಗಳ ನಂತರ, 0:56ಕ್ಕೆ, ಚೆಲ್ಲೋಗಳ ಒಂದೇ ಮಂದ್ರ ಸ್ವರವಾಗಿ ಏಳುತ್ತದೆ. ಮ್ಯೂಟ್ ಹಾಕಿರುವುದರಿಂದ ಆ ದನಿ ಪಕ್ಕದ ಕೋಣೆಯಿಂದ ಬಂದಂತಿದೆ. 1:52ಕ್ಕೆ ಬಾಗಿಲು ಬಡಿದುಕೊಂಡಾಗ ಸಂಗೀತ ಅದನ್ನು ಗಮನಿಸುವುದೇ ಇಲ್ಲ. ಹೋದವನಿಗಿಂತ ಉಳಿದವನ ಕಡೆಗೆ ಅದರ ಧ್ಯಾನ."

ಇಷ್ಟಾದ ಮೇಲೆ ಒಪ್ಪದ ಜಾಗವನ್ನು ಮುಚ್ಚಿಡದೆ ಎದುರಿಸಿ. ನಮ್ಮಲ್ಲಿ ಅಂಥದ್ದೊಂದಿದೆ: ಸಂಗೀತ ಅಷ್ಟೊಂದು ತಂದೆಯ ಪರವಾಗಿದ್ದರೆ, ಅವನು ಒಬ್ಬನೇ ಉಳಿದಾಗ, 2:24ಕ್ಕೆ, ಅವನನ್ನು ಬಿಟ್ಟು ಏಕೆ ಹೋಗುತ್ತದೆ? ನಾನು ಈ ಪ್ರಶ್ನೆಯ ಮುಂದೆ ಬಹಳ ಹೊತ್ತು ಕುಳಿತು, ಮತ್ತೆ ಹಾಳೆಗೆ ಮರಳಿದೆ. ಕ್ಲಾರಿನೆಟ್ಟಿನ ನಾಲ್ಕು ಸ್ವರಗಳು ಗಡಿಯಾರದ ಟಿಕ್ ಮೇಲೆಯೇ ಬಿದ್ದಿವೆ. ಐದನೇ ಸ್ವರ ಬರಬೇಕಾದ ಜಾಗದಲ್ಲಿ ಕ್ಲಾರಿನೆಟ್ ಇಲ್ಲ. ಆದರೆ ಅಲ್ಲಿ ಒಂದು ಟಿಕ್ ಇದೆ.